ಬೀಗತಿಯರ ಹಾಡಿನ ಪೆಟ್ಟಿಗೆ

"ಕ್ಯಾಂಪಿಂಗಿಗೆ ಒಂದು ದೊಡ್ಡ ಸ್ಪೀಕರ್ ಬಾಡಿಗಿ ತರೂಣು," ಎಂದ ಅಮರ, ಊಟಕ್ಕೆ ಕುಳಿತಾಗ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ನಾಗರತ್ನಾ ಕೈ ನಿಲ್ಲಿಸಿದಳು. "ಬಾಡಿಗಿ ಯಾಕ? ನಾ ಮಾಡಿ ಕೊಡತೀನಿ."

ಅಮರ ನಕ್ಕುಬಿಟ್ಟ. ಅವನ ಹೆಂಡತಿ ರಾಧಿಕಾ ನಗಲಿಲ್ಲ. "ಖರೇ ಏನ್ರಿ ಅತ್ತಿ? ನಿಮಗ ಮಾಡಾಕ ಬರತದ?"

"ಯಾಕ ಬರೂದಿಲ್ಲ?" ಎಂದಳು ನಾಗರತ್ನಾ. ಮಾತು ಬಾಯಿಂದ ಹೊರಬಿದ್ದಾಗಿತ್ತು, ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ನಾಗರತ್ನಾ ಪಂಪ್‌ಸೆಟ್ಟುಗಳ ಕಂಟ್ರೋಲ್ ಪ್ಯಾನಲ್‌ಗಳಿಗೆ ವೈರ್ ಜೋಡಿಸುವ ಕೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡಾಗ ಹಿಡಿದ ಕೆಲಸ, ಮಗ ಓದಿ, ದುಡಿದು, ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಕೆಂಪು, ಹಳದಿ, ನೀಲಿ ವೈರುಗಳು ಅವಳ ಬೆರಳಿಗೆ ಕಣ್ಣುಮುಚ್ಚಿದರೂ ತಿಳಿಯುತ್ತಿದ್ದವು. ಆದರೆ ಪ್ಯಾನಲ್‌ನ ಬಾಗಿಲು ಹಾಕಿ ಮುಂದಿನ ವಿಭಾಗಕ್ಕೆ ಕಳಿಸಿದರೆ ಅವಳ ಪಾಲಿನ ಕೆಲಸ ಮುಗಿಯುತ್ತಿತ್ತು. ಅವಳು ಜೋಡಿಸಿದ ಪೆಟ್ಟಿಗೆಗಳು ಎಲ್ಲೆಲ್ಲಿಯೋ ಹೊಲಗಳಲ್ಲಿ ನೀರೆತ್ತುತ್ತಿದ್ದವು. ಒಂದೇ ಒಂದು ಸಲವಾದರೂ ತಾನು ಕಟ್ಟಿದ್ದು ತನ್ನ ಕಣ್ಣೆದುರು ಜೀವ ತಳೆಯುವುದನ್ನು ನೋಡಬೇಕು ಎಂಬ ಆಸೆ ಅವಳಿಗಿತ್ತು. ಬಾಡಿಗೆಯ ಮಾತು ಬಂದಾಗ ಆ ಆಸೆಯೇ ಎದ್ದು ಮಾತಾಡಿತ್ತು.

ಮರುದಿನದಿಂದಲೇ ಅವಳು ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದಳು. ಬಸ್ಸಿನಲ್ಲಿ ಕೂತು ನೋಡಿದಳು, ಪಲ್ಯ ಹೆಚ್ಚುತ್ತ ನೋಡಿದಳು. ಅಂಗೈಯಗಲದ ಆಂಪ್ಲಿಫೈಯರ್ ಬೋರ್ಡ್, ಪೆನ್‌ಡ್ರೈವ್ ಚುಚ್ಚಲು ಕಿಂಡಿಯಿರುವ ಬ್ಲೂಟೂತ್ ಪ್ಯಾನಲ್, ಸೋಲಾರ್ ಬೀದಿದೀಪಕ್ಕೆ ಹಾಕುವಂಥ ಲಿಥಿಯಂ ಬ್ಯಾಟರಿ ಎಲ್ಲ ಆನ್‌ಲೈನಿನಲ್ಲಿ ತರಿಸಿದಳು. ಕೊರಿಯರಿನವನು ಬಾಗಿಲು ಬಡಿದರೆ ಸೊಸೆಗಿಂತ ಮೊದಲು ಅತ್ತೆಯೇ ಓಡುತ್ತಿದ್ದಳು.

"ಎಲ್ಲಾ ಬಂತು. ಪೆಟ್ಟಿಗಿ ಯಾರ ಮಾಡತಾರ?" ಎಂದ ಅಮರ. ಅವನ ದನಿಯಲ್ಲಿ ಈಗ ನಗು ಇರಲಿಲ್ಲ.

ರಾಧಿಕಾ ಸ್ವಲ್ಪ ತಡೆದು ಹೇಳಿದಳು. "ನಮ್ಮ ಆಯಿ ಮಾಡತಾಳ."

ಅಮರ ತಾಯಿಯ ಮುಖ ನೋಡಿದ.

ರಾಧಿಕಾಳ ತಾಯಿ ರಾಧಾಬಾಯಿಗೆ ಆಟೋ ನಗರದಲ್ಲಿ ವಾಹನಗಳ ಸೀಟು, ಜೀಪಿನ ಹುಡ್ ಹೊಲಿಯುವ ಅಂಗಡಿಯಿತ್ತು. ಬೀಗತಿಯರ ನಡುವೆ ಜಗಳವೇನೂ ಆಗಿರಲಿಲ್ಲ. ಮಕ್ಕಳು ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾಗುತ್ತೇವೆ ಅಂದಾಗ, ಕನ್ನಡದ ಮನೆ, ಮರಾಠಿ ಮನೆ, ಅವರ ಪದ್ಧತಿ, ಇವರ ಪದ್ಧತಿ ಎಂದು ಎರಡೂ ಕಡೆ ಒಂದಷ್ಟು ದಿನ ಮುಖ ಊದಿಸಿಕೊಂಡು, ಕೊನೆಗೆ ಒಪ್ಪಿದ್ದರು. ಆದರೆ ಅಂದಿನ ಬಿಗಿ ಸಡಿಲವಾಗಿರಲಿಲ್ಲ. ಹಬ್ಬಕ್ಕೆ ಆ ಮನೆಯಿಂದ ಪೂರಣಪೋಳಿ ಬಂದರೆ ಈ ಮನೆಯಿಂದ ಕರಿಗಡಬು ಹೋಗುತ್ತಿತ್ತು. "ಆರಾಮ ಅದೀರಿ?" "ಆರಾಮ ಅದೀವ್ರಿ." ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಮಕ್ಕಳ ಮದುವೆಗೆ ಒಂದು ವರ್ಷ ತುಂಬುವುದಿತ್ತು. ಎರಡೂ ಮನೆಯವರು, ಒಂದಿಬ್ಬರು ಗೆಳೆಯರು ಸೇರಿ ಖಾನಾಪುರದ ಕಡೆ ಟೆಂಟು ಹಾಕಿಕೊಂಡು ಒಂದು ದಿನ ಇರುವುದೆಂದು ರಾಧಿಕಾ ಗೊತ್ತುಮಾಡಿದ್ದಳು. ಅವಳ ಸೋದರಮಾವನ ಹೊಲ ಅಲ್ಲಿಯೇ ಮಲಪ್ರಭೆಯ ದಂಡೆಗಿತ್ತು.

ಕಾರ್ಖಾನೆಗೆ ರಜೆಯಿದ್ದ ದಿನ ನಾಗರತ್ನಾ ಎಲ್ಲ ಸಾಮಾನನ್ನೂ ಒಂದು ಕೈಚೀಲಕ್ಕೆ ತುಂಬಿ, ಸ್ಕೂಟಿಯಲ್ಲಿ ಕಾಲ ಬಳಿ ಇಟ್ಟುಕೊಂಡು ಆಟೋ ನಗರಕ್ಕೆ ಹೋದಳು. ಅಂಗಡಿಯೊಳಗೆ ರೆಕ್ಸಿನ್, ಅಂಟುಗಳ ವಾಸನೆ ತುಂಬಿತ್ತು. ರಾಧಾಬಾಯಿ ದೊಡ್ಡ ಹೊಲಿಗೆ ಮಶೀನಿನ ಮುಂದೆ ಕುಳಿತು ಟೆಂಪೋ ಸೀಟೊಂದಕ್ಕೆ ಅಂಚು ಹಾಕುತ್ತಿದ್ದಳು. ಅವಳ ಗಂಡ ಬಾಳಕೃಷ್ಣ ಮೂಲೆಯಲ್ಲಿ ಫೋಮ್ ಕತ್ತರಿಸುತ್ತಿದ್ದ.

"ಬರ್ರಿ ವಿಹಿಣಬಾಯಿ, ಕುಂದರ್ರಿ," ಎಂದಳು ರಾಧಾಬಾಯಿ. ಮರಾಠಿಯಲ್ಲಿ ಬೀಗತಿಗೆ ಹಾಗೆನ್ನುತ್ತಾರೆ. "ಚಹಾ ತರಸತೇನ."

"ಚಹಾ ಬ್ಯಾಡ್ರಿ ಬೀಗತ್ಯಾರ, ಈಗರೆ ಕುಡದ ಬಂದೆ." ನಾಗರತ್ನಾ ಮೇಜಿನ ಮೇಲೆ ಸಾಮಾನು ಹರವಿದಳು. ಪೆಟ್ಟಿಗೆ ಎಂಥದು ಬೇಕು ಎಂದು ಕೈಯಲ್ಲಿ ತೋರಿಸಿ ಹೇಳಿದಳು. "ಮುಂದ ಎರಡ ತೂತ ಬೇಕು, ಸ್ಪೀಕರಿಗೆ. ಉಳಿದದ್ದೆಲ್ಲಾ ಬಂದ್ ಇರಬೇಕು. ಒಳಗಿನ ಗಾಳಿ ಎಲ್ಲೂ ಸೋರಬಾರದು. ಸೋರಿದ್ರ ದನಿ ಕೆಡತೈತಿ."

ರಾಧಾಬಾಯಿ ಮಶೀನು ನಿಲ್ಲಿಸಿದಳು. "ಮಳಿ ನೀರ ಒಂದು ಹನಿ ಒಳಗ ಬರದಂಗ ಜೀಪಿಗೆ ಹುಡ್ ಹೊಲೀತೇನ ನಾನು. ಗಾಳಿ ಸೋರತದೇನು?"

"ಹಂಗಲ್ರಿ, ನಾ ಸುಮ್ನ ಹೇಳಿದೆ."

"ಸ್ಪೀಕರ್ ಎಲ್ಲೈತಿ?"

"ಇಲ್ಲೇ ಎಲ್ಲರೆ ಹಳೇ ಕಾರಿನವು ಸಿಗತಾವೇನಂತ ನೋಡಬೇಕ್ರಿ."

ರಾಧಾಬಾಯಿ ಎದ್ದು ಸೆರಗು ಸಿಕ್ಕಿಸಿಕೊಂಡಳು. "ನಡೀರಿ. ಪರೀಕ್ಷಾ ಮಾಡೂದು ನೀವು, ಚೌಕಾಶಿ ಮಾಡೂದು ನಾನು."

ಹಿಂದಿನ ಓಣಿಯಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ ಮಾರುವವನ ಬಳಿ ಬಾಗಿಲುಗಳ ರಾಶಿಯೇ ಬಿದ್ದಿತ್ತು. ನಾಗರತ್ನಾ ಒಂದೊಂದೇ ಸ್ಪೀಕರನ್ನು ಎತ್ತಿ, ಅದರ ಕಾಗದದ ಕೋನನ್ನು ಮೂರು ಬೆರಳಿನಿಂದ ಮೆಲ್ಲಗೆ ಒತ್ತಿ, ಕಿವಿ ಹತ್ತಿರ ಹಿಡಿದಳು. ಒಳಗೆ ಕರಕರ ಅಂದರೆ ಕೆಳಗಿಟ್ಟಳು. ಸದ್ದಿಲ್ಲದೆ ಮೆತ್ತಗೆ ಒಳಹೋಗಿ ಹೊರಬಂದ ಎರಡನ್ನು ಆರಿಸಿ ಎದೆಗವಚಿಕೊಂಡಳು. ಅಷ್ಟರಲ್ಲಿ ರಾಧಾಬಾಯಿ ಮರಾಠಿಯಲ್ಲಿ ಶುರುಮಾಡಿ, ಕನ್ನಡಕ್ಕೆ ಬಂದು, ಹಿಂದಿಯಲ್ಲಿ ಬೈದು ಮಾತು ಮುಗಿಸಿದ್ದಳು. ಅಂಗಡಿಯವನು ಸುಸ್ತಾಗಿ, ಮೇಲೆ ಒಂದು ಹಿಡಿ ಸ್ಕ್ರೂಗಳನ್ನು ತಾನಾಗಿಯೇ ಕೊಟ್ಟ.

ಓಣಿ ದಾಟುವಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ನಾಗರತ್ನಾ ಸಂಜೆ ಕಾರ್ಖಾನೆ ಬಿಟ್ಟವಳೇ ನೆಟ್ಟಗೆ ಆಟೋ ನಗರಕ್ಕೆ ಹೋಗತೊಡಗಿದಳು. ಸೀಟಿನ ತಳಕ್ಕೆ ಹಾಕುವ ದಪ್ಪ ಪ್ಲೈವುಡ್ಡಿನಲ್ಲಿ ರಾಧಾಬಾಯಿ ಪೆಟ್ಟಿಗೆ ಕತ್ತರಿಸಿ ಜೋಡಿಸಿದಳು. ಮೂಲೆಮೂಲೆಗೆ ಅಂಟು ಎಳೆದು, ಒಳಮೈಗೆಲ್ಲ ಕಾರಿನ ನೆಲಕ್ಕೆ ಹಾಸುವ ದಪ್ಪ ಬಟ್ಟೆ ಅಂಟಿಸಿದಳು. ಮೇಲೆ ಮೆರೂನ್ ಬಣ್ಣದ ರೆಕ್ಸಿನ್, ಅಂಚಿಗೆ ಬಿಳಿ ಪಟ್ಟಿ, ಹೊತ್ತೊಯ್ಯಲು ಎರಡು ಬದಿಗೆ ಬೆಲ್ಟಿನ ಹಿಡಿಕೆ.

"ಬಿಳಿ ಪಟ್ಟಿ ಹೊಲಸ ಆಗೂದಿಲ್ರಿ?" ಎಂದು ನಾಗರತ್ನಾ ಕೇಳಿದ್ದಳು.

"ಆಗಲಿ. ಚಂದ ಕಾಣಬೇಕಲ್ಲ. ನಾವೇನ ಬೋರವೆಲ್ ಪೆಟಿಗಿ ಮಾಡಾಕತ್ತೇವೇನು?"

ನಾಗರತ್ನಾ ತಾನು ತಂದಿದ್ದ ಸ್ವಿಚ್ಚನ್ನು ಮೆಲ್ಲಗೆ ತೆಗೆದು ತೋರಿಸಿದಳು. ಅದು ಪಂಪ್‌ಸೆಟ್ ಪ್ಯಾನಲ್ಲಿನ ದಪ್ಪ ತಿರುಗುವ ಸ್ವಿಚ್ಚೇ ಆಗಿತ್ತು, ಜೊತೆಗೆ ಹಸಿರು ದೀಪ. ರಾಧಾಬಾಯಿ ಅದನ್ನು ಕಟಕ್ ಎಂದು ತಿರುಗಿಸಿ ನೋಡಿದಳು. ಇನ್ನೊಮ್ಮೆ ತಿರುಗಿಸಿದಳು. "ಇದನ್ನ ಹಾಕ್ರಿ. ಇದು ಮಸ್ತ ಅದ," ಎಂದಳು.

ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಸ್ವಿಚ್ಚಿಗೆ, ಅಲ್ಲಿಂದ ಬೋರ್ಡಿಗೆ ನಾಗರತ್ನಾ ವೈರ್ ಎಳೆದಳು. ಕಾರ್ಖಾನೆಯಲ್ಲಿ ಮಾಡುವುದಕ್ಕಿಂತ ಹೆಚ್ಚು ಜೋಪಾನವಾಗಿ ಎಳೆದಳು. ಸ್ಪೀಕರಿನಿಂದ ಹೊರಟ ವೈರುಗಳಲ್ಲಿ ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸೇರಿಸಿ ಬೆಸುಗೆ ಹಾಕಿದಳು. ಕೊನೆಯ ಸ್ಕ್ರೂ ತಿರುಗಿಸುವಾಗ ಬೆರಳು ಬೆವತು ಸ್ಕ್ರೂಡ್ರೈವರ್ ಜಾರುತ್ತಿತ್ತು.

"ಹಾಕ್ರಿ ಹಾಕ್ರಿ," ಎಂದು ರಾಧಾಬಾಯಿ ಅವಸರ ಮಾಡಿದಳು.

ಸ್ವಿಚ್ಚು ಕಟಕ್ ಅಂದಿತು. ಹಸಿರು ದೀಪ ಹತ್ತಿತು. ನಾಗರತ್ನಾ ಮೊಬೈಲಿನಲ್ಲಿ ಆನ್‌ಲೈನಿನ ಒಂದು ಹಾಡು ಹಚ್ಚಿದಳು.

ಹಾಡು ಬಂತು. ಆದರೆ ಡಬ್ಬಿಯೊಳಗೆ ಯಾರೋ ಕೂತು ಹಾಡಿದಂತೆ ಬಂತು. ಹೆಣ್ಣುದನಿ ತೆಳ್ಳಗೆ ತೇಲುತ್ತಿತ್ತು, ಕೆಳಗೆ ಢೋಲಿನ ಸುಳಿವೇ ಇರಲಿಲ್ಲ. ನಾಗರತ್ನಾ ದನಿ ಹೆಚ್ಚಿಸಿದಳು. ಡಬ್ಬಿ ಜೋರಾಯಿತು, ಅಷ್ಟೆ.

ಮೂಲೆಯಿಂದ ಬಾಳಕೃಷ್ಣ ಮೆಲ್ಲಗೆ ಕೇಳಿದ. "ಮೊಬೈಲ್ ಒಂದರಾಗೇ ಇದಕ್ಕಿಂತ ಚಲೋ ಕೇಳತದಲ್ಲ?"

"ನೀವು ಸುಮ್ನ ಫೋಮ್ ಕೊಯ್ರಿ," ಎಂದಳು ರಾಧಾಬಾಯಿ. ಆದರೆ ಅವಳ ಮುಖವೂ ಇಳಿದಿತ್ತು. "ನನ್ನ ಪೆಟಿಗಿ ಸೋರತದೇನು?"

"ಇಲ್ರಿ. ಪೆಟಿಗಿದು ಏನೂ ತಪ್ಪಿಲ್ಲ." ನಾಗರತ್ನಾ ಪೆಟ್ಟಿಗೆಯ ಮುಂದೆ ನೆಲದ ಮೇಲೆಯೇ ಕುಳಿತುಬಿಟ್ಟಳು. ವೈರುಗಳನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಎಳೆದು ನೋಡಿದಳು. ಒಂದೊಂದೇ ಸ್ಪೀಕರನ್ನು ಬಿಚ್ಚಿ ನುಡಿಸಿದಳು. ಆಶ್ಚರ್ಯವೆಂದರೆ, ಒಂದೇ ಇದ್ದಾಗ ಢೋಲು ಕೇಳುತ್ತಿತ್ತು. ಎರಡೂ ಸೇರಿದರೆ ಮಾಯವಾಗುತ್ತಿತ್ತು.

ಅವಳು ತಟ್ಟನೆ ತಲೆಯೆತ್ತಿದಳು. "ಬೀಗತ್ಯಾರ, ಗಡಿಯಾರದಾಗ ಹಾಕೂ ಸೆಲ್ ಐತೇನ್ರಿ?"

ರಾಧಾಬಾಯಿ ಸ್ಟೂಲು ಹತ್ತಿ ಗೋಡೆ ಗಡಿಯಾರದ ಸೆಲ್ಲನ್ನೇ ಕಿತ್ತು ಕೊಟ್ಟಳು. ನಾಗರತ್ನಾ ಎರಡು ತುಂಡು ವೈರಿನಿಂದ ಸೆಲ್ಲಿನ ತುದಿಗಳನ್ನು ಮೊದಲ ಸ್ಪೀಕರಿಗೆ ಮುಟ್ಟಿಸಿದಳು. ಟಪ್ ಎಂದು ಕೋನು ಮುಂದಕ್ಕೆ ಉಬ್ಬಿತು.

"ಹೊರಗ ಬಂತು," ಎಂದಳು ರಾಧಾಬಾಯಿ ಬಗ್ಗಿ ನೋಡಿ.

ಎರಡನೆಯದಕ್ಕೆ ಹಾಗೆಯೇ ಮುಟ್ಟಿಸಿದಳು. ಟಪ್.

"ಅಗ ಬಾಯಿ! ಇದು ಒಳಗ ಹೋತಲ್ಲ!"

"ಸಿಕ್ತು ನೋಡ್ರಿ!" ನಾಗರತ್ನಾ ನೆಲಕ್ಕೆ ಅಂಗೈ ಬಡಿದಳು. "ಯಾವನೋ ಹಿಂದ ಇದನ್ನ ರಿಪೇರಿ ಮಾಡಿ ಕೆಂಪು-ಕಪ್ಪು ವೈರ್ ಅದಲಾಬದಲ ಹಾಕ್ಯಾನ. ಒಂದು ಗಾಳಿ ಹೊರಗ ನೂಕತೈತಿ, ಇನ್ನೊಂದು ಅದೇ ಹೊತ್ತಿಗೆ ಒಳಗ ಜಗ್ಗತೈತಿ. ಢೋಲಿನ ದನಿ ಅಲ್ಲೇ ಸತ್ತ ಹೋಗತೈತಿ."

ವೈರು ಬದಲಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮತ್ತೆ ಸ್ವಿಚ್ಚು ತಿರುಗಿಸಿ ಅದೇ ಹಾಡು ಹಚ್ಚಿದಳು.

ಢೋಲಿನ ಮೊದಲ ಏಟಿಗೆ ಮೇಜಿನ ಮೇಲಿದ್ದ ಕತ್ತರಿ ಕುಣಿಯಿತು. ಎರಡನೆಯದಕ್ಕೆ ಡಬ್ಬಿಯಲ್ಲಿದ್ದ ಮೊಳೆಗಳೆಲ್ಲ ಝಲ್ಲೆಂದವು. ಬಾಳಕೃಷ್ಣ ಬೆಚ್ಚಿ ಎದ್ದು ನಿಂತ. ಎದುರಿನ ಗ್ಯಾರೇಜಿನವರು ಕೈಲಿ ಸ್ಪ್ಯಾನರ್ ಹಿಡಿದುಕೊಂಡೇ ಬಾಗಿಲಿಗೆ ಬಂದರು. ನಾಗರತ್ನಾಳ ಎದೆಯೊಳಗೆ, ಅಂಗಾಲಿನಲ್ಲಿ, ಹಲ್ಲುಗಳಲ್ಲಿ ಹಾಡು ಮಿಡಿಯುತ್ತಿತ್ತು. ತಾನು ಎಳೆದ ವೈರುಗಳಲ್ಲಿ ಹರಿದು ಬಂದ ಹಾಡು! ಅವಳಿಗೆ ಕಣ್ಣು ತುಂಬಿ ಬಂತು, ಬಾಯಿ ಮಾತ್ರ ನಗುತ್ತಿತ್ತು.

ರಾಧಾಬಾಯಿ ಅವಳ ಎರಡೂ ಭುಜ ಹಿಡಿದು ಅಲುಗಿಸಿದಳು. "ರತ್ನಾ! ಅಗ ರತ್ನಾ! ಏನ ಮಾಡಿದಿ ಇದು!"

ವಿಹಿಣಬಾಯಿ ಎನ್ನುವುದನ್ನು ಅವಳು ಮರೆತಿದ್ದಳು. ಇಬ್ಬರೂ ಅದನ್ನು ಗಮನಿಸಲಿಲ್ಲ.

ಹೊರಟ ದಿನ ಪೆಟ್ಟಿಗೆಗೆ ಅಮರ ತಂದ ಜೀಪಿನ ಹಿಂದಿನ ಸೀಟಿನಲ್ಲಿ ಬೀಗತಿಯರ ನಡುವೆ ಜಾಗ ಸಿಕ್ಕಿತು. ಬಾಳಕೃಷ್ಣ ಟೆಂಟುಗಳ ಜೊತೆ ಅದರ ಹಿಂದೆ ಕುಳಿತ. ಖಾನಾಪುರ ದಾಟಿ ಮಣ್ಣಿನ ದಾರಿಗೆ ಇಳಿದ ಮೇಲೆ ಜೀಪು ಕುಪ್ಪಳಿಸಿದಾಗಲೆಲ್ಲ ಇಬ್ಬರ ಕೈಯೂ ಒಟ್ಟಿಗೆ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು.

ಭತ್ತ ಕೊಯ್ದ ಗದ್ದೆಗಳ ಆಚೆ ಹೊಳೆ, ಹೊಳೆಯಾಚೆ ಕಾಡು. ಕತ್ತಲಾದ ಮೇಲೆ ದನಿ ಪೂರ್ತಿ ಇಳಿಸಬೇಕು, ಕಾಡಿನ ಪ್ರಾಣಿಗಳಿಗೆ ತೊಂದರೆ ಕೊಡಬಾರದು ಎಂದು ರಾಧಾಬಾಯಿಯ ಅಣ್ಣ ಮೊದಲೇ ಹೇಳಿದ್ದ. ಅದಕ್ಕೆಂದೇ ಮಧ್ಯಾಹ್ನವೇ ಬಂದಿದ್ದರು. ಅಮರನ ಇಬ್ಬರು ಗೆಳೆಯರು ಹೆಂಡಂದಿರೊಂದಿಗೆ ಬಂದು ಟೆಂಟು ಏರಿಸುತ್ತಿದ್ದರು. ಬೆಳ್ಳುಳ್ಳಿ ಖಾರದ ವಾಸನೆ ಆಗಲೇ ಹರಡಿತ್ತು. ಮಾವಿನ ಮರದ ಕೆಳಗೆ ಪೆಟ್ಟಿಗೆಯನ್ನು ಇಟ್ಟು ಎಲ್ಲರೂ ಸುತ್ತ ನಿಂತರು.

"ಹಚ್ಚವ್ವಾ," ಎಂದ ಅಮರ.

ಕಟಕ್. ಹಸಿರು ದೀಪ. ಅಮರನ ಮೊಬೈಲು ಜೋಡಣೆಯಾಯಿತು ಎಂದು ಪೆಟ್ಟಿಗೆಯೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರಿದಳು. ಎಲ್ಲರೂ ಹೋ ಎಂದು ಕೂಗಿದರು. ಅಮರ ಹಾಡು ಒತ್ತಿದ.

ಏನೂ ಬರಲಿಲ್ಲ.

ಮೊಬೈಲಿನಲ್ಲಿ ಒಂದು ಸಣ್ಣ ಚಕ್ರ ಸುತ್ತುತ್ತಲೇ ಇತ್ತು. ಅಮರ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದ. ದಿಬ್ಬ ಹತ್ತಿ ನೋಡಿದ. ಹಿಂದಿರುಗಿ ಬಂದಾಗ ಮುಖ ಸಪ್ಪಗಾಗಿತ್ತು. "ನೆಟವರ್ಕೇ ಇಲ್ಲ. ಹಾಡ ಎಲ್ಲಾ ಆನ್‌ಲೈನ್ ಅದಾವ. ಡೌನ್‌ಲೋಡ್ ಮಾಡಿಕೊಳ್ಳೂದ ಮರತೆ."

ಉಳಿದವರೂ ಮೊಬೈಲು ತೆಗೆದರು. ಒಬ್ಬರಲ್ಲೂ ಹಾಡಿರಲಿಲ್ಲ. ಬಾಳಕೃಷ್ಣನ ಮೊಬೈಲಿನಲ್ಲಿ ಯಾರೋ ಕಳಿಸಿದ್ದ ಶುಭೋದಯದ ವಿಡಿಯೋ ಒಂದಿತ್ತು. ಅದನ್ನೇ ಹಚ್ಚಿದರು. ಅರ್ಧ ನಿಮಿಷ ಗಂಟೆ ಬಾರಿಸಿ ಅದೂ ನಿಂತಿತು. ಪೆಟ್ಟಿಗೆಯಲ್ಲಿದ್ದ ರೇಡಿಯೋ ಹಚ್ಚಿದರೆ ಬರೀ ಸೊರಸೊರ.

ಗೆಳೆಯರಲ್ಲೊಬ್ಬ ನಕ್ಕ. ಅವನ ಹೆಂಡತಿ ನಗಬಾರದೆಂದು ಬಾಯಿ ಮುಚ್ಚಿಕೊಂಡಳು. ನಾಗರತ್ನಾ ಪೆಟ್ಟಿಗೆಯ ಹಿಡಿಕೆ ಹಿಡಿದು ನಿಂತೇ ಇದ್ದಳು. ಇಷ್ಟೆಲ್ಲ ಮಾಡಿ, ಒಂದು ಹಾಡಿಲ್ಲವೇ?

ಆಗ ರಾಧಾಬಾಯಿ ಕೈಯೆತ್ತಿದಳು. "ಥಾಂಬಾ, ಥಾಂಬಾ. ಎಲ್ಲಾರೂ ಸುಮ್ನಾಗ್ರಿ."

ದೂರದಲ್ಲಿ, ಗದ್ದೆಗಳ ಆಚೆ, ಟ್ರ್ಯಾಕ್ಟರ್ ಓಡುವ ಸದ್ದು. ಅದರ ಜೊತೆಗೆ ಗರಗರ ಎನ್ನುವ ಇನ್ನೇನೋ ಒಂದು.

"ಟ್ರ್ಯಾಕ್ಟರದಾಗ ಹಾಡ!" ಎಂದಳು ನಾಗರತ್ನಾ.

"ಟ್ರ್ಯಾಕ್ಟರದಾಗ ಹಾಡ ಅದ ಅಂದ್ರ ಪೆನ್‌ಡ್ರೈವ್ ಅದ. ನಡಿ!"

ಇಬ್ಬರೂ ಸೀರೆಯ ನಿರಿಗೆ ಎತ್ತಿ ಹಿಡಿದು ಕೊಯ್ದ ಭತ್ತದ ಕೂಳೆಗಳ ನಡುವೆ ಹೊರಟರು. ಮೊದಲು ಬಿರಬಿರನೆ ನಡೆದರು. ಟ್ರ್ಯಾಕ್ಟರ್ ತಿರುಗಿ ಹೋಗುವುದು ಕಂಡೊಡನೆ ಓಡತೊಡಗಿದರು.

ಉಳುತ್ತಿದ್ದವನು ಬಸಲಿಂಗಪ್ಪ ಎಂಬ ನಡುವಯಸ್ಸಿನ ಗಟ್ಟಿ ಆಳು. ಇಬ್ಬರು ಹೆಂಗಸರು ಏದುಸಿರು ಬಿಡುತ್ತ ಬದುವಿನ ಮೇಲೆ ನಿಂತು ಕೈ ಬೀಸುವುದನ್ನು ಕಂಡು ಗಾಬರಿಯಿಂದ ಇಂಜಿನ್ನು ನಿಲ್ಲಿಸಿದ. "ಯಾಕ್ರಿ ಅಕ್ಕಾರ? ಏನಾತು? ಯಾರಿಗರೆ ಹಾವು ಕಡೀತೇನು?"

"ಹಾವಲ್ಲೋ ತಮ್ಮಾ," ಎಂದಳು ನಾಗರತ್ನಾ. ಉಸಿರು ಸಿಕ್ಕುತ್ತಿರಲಿಲ್ಲ. "ಪೆನ್‌ಡ್ರೈವ್ ಬೇಕು."

ವಿಷಯ ಕೇಳಿದ ಬಸಲಿಂಗಪ್ಪ ಪೆನ್‌ಡ್ರೈವನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡ. ಕೊಡಲು ಮನಸ್ಸಾಗಲಿಲ್ಲ. "ಇದರಾಗ ಎಲ್ಲಾ ಐತ್ರಿ. ಜಾನಪದ, ಭಜನಿ, ಮರಾಠಿ, ಡಿಜೆ. ಆದ್ರ ಹಾಡ ಇಲ್ದ ನಾ ಟ್ರ್ಯಾಕ್ಟರ ಹೆಂಗ ಹೊಡೀಲಿ? ನಿದ್ದಿ ಬರತೈತಿ." ಸ್ವಲ್ಪ ಯೋಚಿಸಿ ಹೇಳಿದ. "ಈ ತುಂಡ ಒಂದು ಮುಗಸತೇನಿ. ಆಮ್ಯಾಲ ನಾನೂ ಬರತೇನಿ. ನಡೀತೈತಿ?"

"ನಡೀತೈತಿ. ಊಟಕ್ಕೂ ಇರಬೇಕು," ಎಂದಳು ರಾಧಾಬಾಯಿ.

ಅವನು ಮುಗಿಸುವವರೆಗೂ ಇಬ್ಬರೂ ಬದುವಿನ ಮೇಲೆಯೇ ಕುಳಿತರು, ಬಿಟ್ಟುಹೋದರೆ ಎಲ್ಲಿ ಕೈತಪ್ಪುತ್ತದೋ ಎಂಬ ಭಯ. ಆಮೇಲೆ ಟ್ರ್ಯಾಕ್ಟರಿನ ಎರಡು ಬದಿಯ ಮಡ್‌ಗಾರ್ಡಿನ ಮೇಲೆ ಒಬ್ಬೊಬ್ಬರು ಕುಳಿತು ಬಂದರು. ಮಾವಿನ ಮರದ ಕೆಳಗಿದ್ದವರು ಎದ್ದು ಸಿಳ್ಳೆ ಹಾಕಿದರು.

ಬಸಲಿಂಗಪ್ಪನೇ ಪೆನ್‌ಡ್ರೈವನ್ನು ಪೆಟ್ಟಿಗೆಗೆ ಚುಚ್ಚಿದ.

ಹಾಡು ಸಿಡಿಯಿತು. ಮರದ ಮೇಲಿದ್ದ ಹಕ್ಕಿಗಳು ಒಮ್ಮೆ ಪುರ್ರೆಂದು ಎದ್ದವು. ಹುಡುಗ ಹುಡುಗಿಯರು ಕೂಗುತ್ತ ಕುಣಿತಕ್ಕೆ ಇಳಿದೇಬಿಟ್ಟರು. ಬಸಲಿಂಗಪ್ಪ ಮಾತ್ರ ಕುಣಿಯಲಿಲ್ಲ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಾಯಿ ತೆರೆದು ಕೇಳುತ್ತಿದ್ದ. "ಅಕ್ಕಾರ," ಎಂದು ನಾಗರತ್ನಾಳನ್ನು ಕರೆದ. "ಇದರಾಗ ಹಲಗಿ ಬಡಿತ ಐತ್ರಿ!"

"ಐತಲ್ಲೋ ಮತ್ತ."

"ದಿನಾ ಕೇಳತೇನಿ ಈ ಹಾಡ. ನನ್ನ ಸ್ಪೀಕರ್ ಹರದ ಹೋಗೈತಿ. ಹಲಗಿ ಐತಿ ಅನ್ನೂದ ಇವತ್ತ ಗೊತ್ತಾತು ನೋಡ್ರಿ." ಅವನು ಅಂಗೈಯನ್ನು ರೆಕ್ಸಿನ್ನಿನ ಮೇಲಿಟ್ಟು ಪೆಟ್ಟನ್ನು ಮುಟ್ಟಿ ನೋಡಿದ. ಆಮೇಲೆ ಎದ್ದು, ಟವೆಲ್ಲನ್ನು ಸೊಂಟಕ್ಕೆ ಬಿಗಿದು ಕುಣಿತಕ್ಕೆ ಇಳಿದ. ಅವನ ಹೆಜ್ಜೆಗೆ ಅಮರನ ಗೆಳೆಯರೇ ಹಿಂದೆ ಸರಿದು ಜಾಗ ಬಿಟ್ಟರು.

ಜಾನಪದ ಮುಗಿದು ಮರಾಠಿ ಹಾಡೊಂದು ಬಂತು. ರಾಧಾಬಾಯಿ ಚಪ್ಪಲಿ ಬಿಚ್ಚಿ ಬದಿಗೆ ಎಸೆದಳು. "ಬಾ ರತ್ನಾ, ಫುಗಡಿ ಆಡೂಣು."

"ನನಗ ಬರೂದಿಲ್ಲ ರಾಧಕ್ಕಾ!"

"ಬರಾಕೇನದ ಅದರಾಗ? ಕೈ ಕೊಡು. ಹಿಂಗ ಅಡ್ಡ ಹಿಡಿ. ಗಟ್ಟಿ ಹಿಡಿ, ಬಿಟ್ಟಿ ಅಂದ್ರ ಇಬ್ರೂ ಹೊಳ್ಯಾಗ!"

ಅಡ್ಡಡ್ಡ ಕೈ ಹಿಡಿದು, ಪಾದ ಪಾದಕ್ಕೆ ಹತ್ತಿರವಿಟ್ಟು, ಮೈಯನ್ನು ಹಿಂದಕ್ಕೆ ಚೆಲ್ಲಿ ಇಬ್ಬರೂ ಸುತ್ತತೊಡಗಿದರು. ನಾಗರತ್ನಾ ಮೊದಲು ಹೆದರಿ ಹಿಡಿತ ಬಿಗಿಮಾಡಿದಳು. ನಂತರ ಮಾವಿನ ಮರ, ಟೆಂಟು, ಹೊಳೆ, ಮಕ್ಕಳ ಮುಖಗಳು ಎಲ್ಲ ಒಂದೇ ಗೆರೆಯಾಗಿ ಸುತ್ತಿದವು. ನಡುವೆ ನೆಟ್ಟಗೆ ಕಾಣುತ್ತಿದ್ದುದು ರಾಧಾಬಾಯಿಯ ನಗುವ ಮುಖ ಒಂದೇ. "ಆಯೀ, ಸಾವಕಾಶ! ಅತ್ತೀ, ಬಿಡಬ್ಯಾಡ್ರಿ!" ಎಂದು ರಾಧಿಕಾ ಕಿರುಚುತ್ತಿದ್ದಳು. ಹಾಡು ಮುಗಿದಾಗ ಇಬ್ಬರೂ ತೂರಾಡಿ ಹುಲ್ಲಿನ ಮೇಲೆ ಕುಸಿದು, ಆಕಾಶ ನಿಲ್ಲುವವರೆಗೂ ನಕ್ಕರು.

ಹೊತ್ತು ಇಳಿಯುತ್ತಿತ್ತು. ಅಮರ ದನಿ ತಗ್ಗಿಸಿದ. ಭಜನೆಯೊಂದು ಮೆಲ್ಲಗೆ ಕೇಳತೊಡಗಿತು.

ಬಸಲಿಂಗಪ್ಪ ಬೆವರು ಒರೆಸಿಕೊಳ್ಳುತ್ತ ಬಂದು ಅವರ ಮುಂದೆ ಕುಳಿತ. "ಅಕ್ಕಾರ, ನನ್ನ ಟ್ರ್ಯಾಕ್ಟರಕ್ಕ ಇಂಥಾದ್ದೊಂದು ಮಾಡಿಕೊಡತೀರಿ?"

"ಮಾಡತೇವಲ್ಲ," ಎಂದಳು ರಾಧಾಬಾಯಿ, ನಾಗರತ್ನಾಳತ್ತ ತಿರುಗಿಯೂ ನೋಡದೆ. "ಟ್ರ್ಯಾಕ್ಟರದ ಮ್ಯಾಲಿನ ಛತ್ತಿಗೆ ಜೋತು ಬಿಡೂಣು."

"ಛತ್ತಿಗೆ ಬ್ಯಾಡ ರಾಧಕ್ಕಾ. ಅಲ್ಲಿ ಅಲುಗಾಟ ಭಾಳ. ವೈರಿನ ಬೆಸುಗಿ ಬಿಡತಾವ."

"ಮತ್ತ ಮಡ್‌ಗಾರ್ಡ ಮ್ಯಾಲ ಇಟ್ರ ಧೂಳು?"

"ಧೂಳಿಗೆ ನೀ ಏನರೆ ಹೊಲಿ. ಅಡಿಗೆ ದಪ್ಪ ರಬ್ಬರ ಹಾಕೂಣು, ಇಂಜಿನ್ನಿನ ಅಲುಗಾಟ ಅದು ನುಂಗತೈತಿ."

ನಾಗರತ್ನಾ ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಟ್ರ್ಯಾಕ್ಟರಿನ ಚಿತ್ರ ಗೀಚಿದಳು. ರಾಧಾಬಾಯಿ ಆ ಕಡ್ಡಿ ಕಸಿದು, ಪೆಟ್ಟಿಗೆಯ ಜಾಗ ಬೇರೆಡೆ ಗೀಚಿದಳು. ಬಸಲಿಂಗಪ್ಪ ಅವರ ನಡುವೆ ಬಗ್ಗಿ, ತನ್ನ ಕಾಲು, ಗೇರು ಎಲ್ಲಿ ಬರುತ್ತವೆ ಎಂದು ಬೆರಳಿನಲ್ಲಿ ತೋರಿಸತೊಡಗಿದ.

"ಊಟಕ್ಕ ಬರ್ರಿ!" ಎಂದು ರಾಧಿಕಾ ಕೂಗಿದಳು. ಯಾರೂ ತಿರುಗಲಿಲ್ಲ. ಅವಳು ಮತ್ತೊಮ್ಮೆ ಕೂಗಿದಳು.

"ಬಂದ್ವಿ, ನೀವು ಸುರು ಮಾಡ್ರಿ," ಎಂದರು ಇಬ್ಬರೂ ಒಟ್ಟಿಗೆ, ತಲೆಯೆತ್ತದೆ.